ದಾಕ್ಷಿಣ್ಯಕ್ಕೆ ಬ್ಯಾಗ್ ಕೊಳ್ಳಬೇಡ

ಪುಟ್ಟೀ, ಬೋನಸ್ ಬಂದ ದಿನವೇ ನೀನು ಈ ದೊಡ್ಡಮ್ಮನಿಗೆ ಫೋನ್ ಮಾಡಿದ್ದು ನನಗೆ ಬಹಳ ಖುಷಿ. ಬೆಂಗಳೂರಿನ ಹೊಸ ಮಾಲಿನಲ್ಲಿ ವಿದೇಶಿ ಬ್ಯಾಗುಗಳ ಮಳಿಗೆ ಶುರುವಾಗಿದೆ, ಶನಿವಾರ ಹೋಗಿ ಒಂದು ತಂದೇ ತರುತ್ತೇನೆ ಎಂದೆ. ಬೆಲೆ 1,80,000 ರೂಪಾಯಿ ಎಂದು ಕೇಳಿದ ಮೇಲೆ ನಿನ್ನಮ್ಮನಿಗೆ ಎರಡು ದಿನ ನಿದ್ದೆ ಇಲ್ಲವಂತೆ. ‘ಆ ದುಡ್ಡಿಗೆ ಚಿನ್ನವಾದರೂ ಬರ್ತಿತ್ತು, ಸ್ವಲ್ಪ ನೀನೇ ಬುದ್ಧಿ ಹೇಳು’ ಎಂದು ನನಗೆ ದುಂಬಾಲು ಬಿದ್ದಿದ್ದಾಳೆ. ಕೊಳ್ಳಬೇಡ ಎಂದು ನಾನು ಹೇಳುವುದಿಲ್ಲ. ದುಡಿದವಳು ನೀನು, ಆಸೆಪಟ್ಟವಳೂ ನೀನು. ಆದರೆ ಜೀವಮಾನವಿಡೀ ಬ್ಯಾಂಕಿನ ಕೌಂಟರಿನಲ್ಲಿ ಕೂತು ಜನ ದುಡ್ಡು ಬಿಚ್ಚುವ ಬಗೆಯನ್ನೆಲ್ಲ ನೋಡಿದವಳಾಗಿ ಒಂದು ಮಾತು ಕಿವಿಗೆ ಹಾಕುತ್ತೇನೆ: ಆಸೆಗೆ ಕೊಂಡುಕೋ, ದಾಕ್ಷಿಣ್ಯಕ್ಕೆ ಕೊಳ್ಳಬೇಡ.

ದಾಕ್ಷಿಣ್ಯ ಅಲ್ಲೆಲ್ಲಿ ಬಂತು ಎಂದು ಕೇಳುತ್ತೀಯ. ಒಳಗೆ ಕಾಲಿಟ್ಟು ನೋಡು. ಸೂಟು ತೊಟ್ಟವನೊಬ್ಬ ಬಾಗಿಲು ತೆರೆದು ಹಿಡಿಯುತ್ತಾನೆ. ಗೋಡೆಯಲ್ಲಿ ಒಂದೊಂದು ಗೂಡಿಗೆ ಒಂದೇ ಬ್ಯಾಗು, ಅದರ ನೆತ್ತಿಗೊಂದು ದೀಪ. ಬೆಲೆ ಚೀಟಿ ಕಣ್ಣಿಗೆ ಬೀಳುವ ಜಾಗದಲ್ಲಿ ಇರುವುದಿಲ್ಲ. ಕೂರಲು ಮೆತ್ತನೆಯ ಸೋಫಾ, ಕುಡಿಯಲು ಕಾಫಿಯೋ ಜ್ಯೂಸೋ. ಕೈಗವಸು ಹಾಕಿಕೊಂಡ ಹುಡುಗಿ ಬ್ಯಾಗನ್ನು ತಟ್ಟೆಯಲ್ಲಿಟ್ಟು ತರುತ್ತಾಳೆ. ಇಷ್ಟೆಲ್ಲ ಉಪಚಾರ ಮಾಡಿಸಿಕೊಂಡು ಬರಿಗೈಯಲ್ಲಿ ಎದ್ದು ಬರುವುದು ಹೇಗೆ ಎಂದು ನಮ್ಮಂಥ ಮನೆಯ ಹುಡುಗಿಯರಿಗೆ ಅಳುಕು ಹುಟ್ಟುತ್ತದೆ. ‘ದಾಕ್ಷಿಣ್ಯಕ್ಕೆ ಬಸಿರಾದಳು’ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಆ ಕಾಫಿಯ ಕಾಸು ಬ್ಯಾಗಿನ ಬೆಲೆಯಲ್ಲೇ ಸೇರಿದೆ. ಆ ಹುಡುಗಿಗೂ ತಿಂಗಳ ಟಾರ್ಗೆಟ್ ಇರುತ್ತದೆ. ಅವಳ ಹತ್ತಿರ ಮರ್ಯಾದೆಯಿಂದ ಮಾತಾಡು, ಆದರೆ ಅವಳ ಟಾರ್ಗೆಟ್ ಮುಟ್ಟಿಸುವ ಹೊಣೆ ನಿನ್ನದಲ್ಲ.

2008ರಲ್ಲಿ ವಿಠಲ್ ಮಲ್ಯ ರಸ್ತೆಯಲ್ಲಿ ಯು.ಬಿ. ಸಿಟಿ ಶುರುವಾದಾಗ ಇಂಥ ಅಂಗಡಿಗಳ ಗಾಜಿನ ಹೊರಗೆ ನಿಂತು ನೋಡಿ ಹೋಗುವವರೇ ಹೆಚ್ಚು. 2023ರಲ್ಲಿ ಹೆಬ್ಬಾಳದ ಕಡೆ ಮಾಲ್ ಆಫ್ ಏಷ್ಯಾ ಬಂತು. ಈಗ ನಿನ್ನ ವಯಸ್ಸಿನವರು ಕಂಪನಿಯ ಐಡಿ ಕಾರ್ಡು ಕೊರಳಲ್ಲಿ ಇದ್ದ ಹಾಗೆಯೇ ಒಳಗೆ ಹೋಗುತ್ತಾರೆ. ಒಳ್ಳೆಯದೇ. ಒಳಗೆ ಹೋದ ಮೇಲೆ ಎಲ್ಲ ಅಂಗಡಿಯೂ ಅಂಗಡಿಯೇ. ಚಿಕ್ಕಪೇಟೆಯಲ್ಲಿ ಸೀರೆ ಬಿಡಿಸಿ, ಸೆರಗು ನೋಡಿ, ಬೆಳಕಿಗೆ ಹಿಡಿದು, ‘ಬಣ್ಣ ಬಿಡುತ್ತಾ?’ ಎಂದು ಕೇಳುವ ನೀನು ಇಲ್ಲಿ ಮಾತ್ರ ಬಾಯಿಗೆ ಬೀಗ ಹಾಕಿಕೊಳ್ಳುವುದೇಕೆ? ಬೆಲೆ ಎಷ್ಟು ಎಂದು ಮೊದಲೇ ಕೇಳು. ‘ಇದು ಯಾವುದರಿಂದ ಮಾಡಿದ್ದು?’ ಎಂದು ಕೇಳು.

ಈ ಎರಡನೆಯ ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಲೂಯಿ ವಿಟಾನ್ ಹೆಸರಿನ ಕಂದು ಬ್ಯಾಗು ಗೊತ್ತಲ್ಲ, ಮೈತುಂಬ ಎಲ್‌ವಿ ಅಕ್ಷರ ಮತ್ತು ಹೂವಿನ ಗುರುತು ಇರುವಂಥದ್ದು? ನೋಡಿದವರೆಲ್ಲ ಅದನ್ನು ಚರ್ಮ ಅಂದುಕೊಳ್ಳುತ್ತಾರೆ. ಅದರ ಮೈ ಹತ್ತಿಯ ಕ್ಯಾನ್ವಾಸ್ ಬಟ್ಟೆ, ಮೇಲೆ ಪಿವಿಸಿ ಲೇಪ. ಚರ್ಮ ಇರುವುದು ಹಿಡಿಕೆಯಲ್ಲಿ ಮತ್ತು ಅಂಚಿನಲ್ಲಿ. ಅದರಲ್ಲಿ ಮೋಸವೇನಿಲ್ಲ. ಆ ಮನೆತನ 1854ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದದ್ದೇ ಪ್ರಯಾಣದ ಟ್ರಂಕುಗಳಿಂದ. ಹಡಗಿನಲ್ಲಿ ಹೋಗುವ ಪೆಟ್ಟಿಗೆ ಹಗುರವಾಗಿರಬೇಕು, ನೀರಿಗೆ ಹೆದರಬಾರದು, ಅದಕ್ಕೆ ಕ್ಯಾನ್ವಾಸ್. ಎಲ್ಲರೂ ನಕಲು ಹೊಡೆಯುತ್ತಿದ್ದಾರೆ ಎಂದು 1896ರಲ್ಲಿ ಮಗ ಜಾರ್ಜ್ ಅದರ ಮೇಲೆ ಅಪ್ಪನ ಹೆಸರಿನ ಅಕ್ಷರಗಳನ್ನು ಮೂಡಿಸಿದ. ನಕಲು ತಡೆಯಲು ತಂದ ಆ ಗುರುತೇ ಇವತ್ತು ಅತಿ ಹೆಚ್ಚು ನಕಲಾಗುವ ಗುರುತು. ಬಟ್ಟೆ ಎಂದು ಗೊತ್ತಿದ್ದು ಕೊಂಡರೆ ಸರಿ. ಚರ್ಮ ಎಂದು ನಂಬಿ ಕೊಂಡು ಆಮೇಲೆ ತಿಳಿದರೆ ಹೊಟ್ಟೆ ಉರಿಯುತ್ತದೆ.

ಇನ್ನು ಬೆಲೆಯ ಮಾತು. 2024ರಲ್ಲಿ ಇಟಲಿಯ ಮಿಲಾನ್ ನ್ಯಾಯಾಲಯದ ಮುಂದೆ ಬಂದ ಕಾಗದಪತ್ರಗಳ ಪ್ರಕಾರ, ಅಂಗಡಿಯಲ್ಲಿ 2,600 ಯೂರೋಗೆ ಮಾರುತ್ತಿದ್ದ ಡಿಯೋರ್ ಬ್ಯಾಗೊಂದನ್ನು ಹೊಲಿದು ಜೋಡಿಸಿದ ಗುತ್ತಿಗೆದಾರನಿಗೆ ಸಿಕ್ಕಿದ್ದು 53 ಯೂರೋ. ಚರ್ಮದ ಖರ್ಚು ಅದರಲ್ಲಿ ಸೇರಿಲ್ಲ, ನಿಜ. ಸೇರಿಸಿದರೂ ಉಳಿದ ದುಡ್ಡು ಬಹುಪಾಲು ಹೆಸರಿಗೆ, ಜಾಹೀರಾತಿಗೆ, ಮಾಲಿನ ಬಾಡಿಗೆಗೆ, ಲಾಭಕ್ಕೆ. ಇದೇನೂ ದೂರದ ಕಥೆಯಲ್ಲ. 2025ರ ಜೂನ್‌ನಲ್ಲಿ ಪ್ರಾಡಾ ಕಂಪನಿ ಮಿಲಾನ್‌ನ ಫ್ಯಾಷನ್ ಪ್ರದರ್ಶನದಲ್ಲಿ ಕೊಲ್ಹಾಪುರಿ ಚಪ್ಪಲಿಯಂಥದ್ದನ್ನೇ ಎಲ್ಲಿಯದು ಎಂದು ಹೇಳದೆ ತೋರಿಸಿ ಬೈಸಿಕೊಂಡಿತು. ಕೊಲ್ಹಾಪುರಿಗೆ 2019ರಲ್ಲಿ ಸಿಕ್ಕ ಜಿಐ ಎಂಬ ಭೌಗೋಳಿಕ ಗುರುತಿನ ಮಾನ್ಯತೆಯಲ್ಲಿ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳೂ ಇವೆ. ಗಲಾಟೆ ಆದ ಮೇಲೆ ಅದೇ ವರ್ಷ ಡಿಸೆಂಬರಿನಲ್ಲಿ ಆ ಕಂಪನಿ ಮಹಾರಾಷ್ಟ್ರದ ಚರ್ಮೋದ್ಯಮ ನಿಗಮ ಮತ್ತು ನಮ್ಮ ಕರ್ನಾಟಕದ ಲಿಡ್ಕರ್ ನಿಗಮದ ಜತೆ ಒಪ್ಪಂದ ಮಾಡಿಕೊಂಡು, ಇಲ್ಲಿಯ ಕುಶಲಕರ್ಮಿಗಳಿಂದಲೇ ಮಾಡಿಸಿ ಒಂದು ಜೊತೆಗೆ ಸುಮಾರು 800 ಯೂರೋದಂತೆ ಮಾರುವುದಾಗಿ ಹೇಳಿತು. ಆ ಚಪ್ಪಲಿ ಹೊಲಿಯುವ ಅಥಣಿಯ ಕೈಗೆ ಎಷ್ಟು ಬರುತ್ತದೆ, ಹೆಸರಿಗೆ ಎಷ್ಟು ಹೋಗುತ್ತದೆ ಎಂದು ನೀನೇ ಲೆಕ್ಕ ಹಾಕು. ಹೆಸರಿಗೆ ದುಡ್ಡು ಕೊಡುವುದು ತಪ್ಪಲ್ಲ. ಹೆಸರಿಗೆ ಕೊಡುತ್ತಿದ್ದೇನೆ ಎಂಬುದು ಕೊಡುವಾಗ ಗೊತ್ತಿರಲಿ.

ಹೆಸರನ್ನು ಬದಿಗಿಟ್ಟು ಬ್ಯಾಗನ್ನು ಹೀಗೆ ನೋಡು. ಮೊದಲು ಖಾಲಿ ಬ್ಯಾಗನ್ನು ಹೆಗಲಿಗೆ ಹಾಕಿಕೋ. ಖಾಲಿ ಇರುವಾಗಲೇ ಭಾರ ಎನಿಸಿದರೆ ಅಲ್ಲೇ ಬಿಡು. ಒಳಭಾಗವನ್ನು ಹೊರಗೆ ಎಳೆದು ಹೊಲಿಗೆ ನೋಡು: ಹೊಲಿಗೆಗಳ ಉದ್ದ ಒಂದೇ ಸಮ ಇದೆಯೇ, ಮೂಲೆಯಲ್ಲಿ ದಾರದ ತುದಿ ಇಣುಕುತ್ತಿದೆಯೇ? ಕುದುರೆಯ ಸರಂಜಾಮು ಹೊಲಿಯುತ್ತ 1837ರಲ್ಲಿ ಶುರುವಾದ ಎರ್ಮೆಸ್ ಕಂಪನಿಯವರು ಇವತ್ತಿಗೂ ಒಂದೇ ಮೇಣದ ದಾರದ ಎರಡು ತುದಿಗೆ ಎರಡು ಸೂಜಿ ಹಾಕಿ ಕೈಯಲ್ಲೇ ಹೊಲಿಯುತ್ತಾರೆ. ಅದರಲ್ಲಿ ಒಂದು ಹೊಲಿಗೆ ತುಂಡಾದರೂ ಪಕ್ಕದ್ದು ಬಿಚ್ಚಿಕೊಳ್ಳುವುದಿಲ್ಲ. ಮೆಷಿನ್ ಹೊಲಿಗೆಯಲ್ಲಿ ಒಂದು ಹೋದರೆ ಸಾಲು ಸಾಲು ಬಿಚ್ಚುತ್ತಾ ಹೋಗಬಹುದು. ಚರ್ಮದ ಅಂಚಿಗೆ ಬಳಿದ ಬಣ್ಣವನ್ನು ಬೆರಳಲ್ಲಿ ಸವರು. ನುಣ್ಣಗಿದ್ದರೆ ಸರಿ, ಗಂಟುಗಂಟಾಗಿದ್ದರೆ ಬಿಸಿಲಿಗೆ ಬಿರಿಯುತ್ತದೆ. ಜಿಪ್ಪನ್ನು ಒಂದೇ ಕೈಯಲ್ಲಿ ಎಳೆದು ನೋಡು, ಬಸ್ಸಿನಲ್ಲಿ ನಿಂತವಳಿಗೆ ಇನ್ನೊಂದು ಕೈ ಇರುವುದಿಲ್ಲ. ಆಮೇಲೆ ನಿನ್ನ ಹಳೆಯ ಬ್ಯಾಗಿನಲ್ಲಿರುವುದನ್ನೆಲ್ಲ ತೆಗೆದು ಇದಕ್ಕೆ ತುಂಬು: ಲ್ಯಾಪ್‌ಟಾಪ್, ಚಾರ್ಜರ್, ನೀರಿನ ಬಾಟಲಿ, ಕೊಡೆ, ಟಿಫಿನ್ ಡಬ್ಬಿ, ಮೆಟ್ರೋ ಕಾರ್ಡು. ‘ಮೇಡಂ, ಇದು ಲ್ಯಾಪ್‌ಟಾಪ್‌ಗೆ ಅಲ್ಲ’ ಅಂದರೆ ನಿನ್ನ ದಿನಚರಿಗೆ ಅದು ಆಗಿಬರುವುದಿಲ್ಲ ಎಂದೇ ಅರ್ಥ. ವರ್ಷಕ್ಕೆ ಎರಡು ಮದುವೆಗೆ ಹೊರಬರುವ ಬ್ಯಾಗಿಗೆ ಇಷ್ಟು ದುಡ್ಡು ಹಾಕಬೇಕೆ ಎಂಬ ಪ್ರಶ್ನೆಗೆ ಅಲ್ಲೇ ಉತ್ತರ ಸಿಗುತ್ತದೆ.

ದುಡ್ಡು ಕಟ್ಟುವ ಹೊತ್ತಿಗೆ ಬ್ಯಾಂಕಿನ ದೊಡ್ಡಮ್ಮ ಮಾತಾಡಲೇಬೇಕು. ಚರ್ಮದ ಬ್ಯಾಗಿಗೆ ಜಿಎಸ್‌ಟಿ ಶೇಕಡಾ 18. 1,80,000 ರೂಪಾಯಿಯ ಎಂಆರ್‌ಪಿಯಲ್ಲಿ ಸುಮಾರು 27,450 ರೂಪಾಯಿ ಆ ತೆರಿಗೆಯೇ, ಎಂಆರ್‌ಪಿ ಮೇಲೆ ಮತ್ತೆ ತೆರಿಗೆ ಹಾಕುವಂತಿಲ್ಲ. ಚೀಟಿಯ ಮೇಲೆ ಆಮದುದಾರರ ಹೆಸರು, ವಿಳಾಸ, ತಯಾರಾದ ದೇಶ ಇರಲೇಬೇಕು, ಓದು. ಫ್ರೆಂಚ್ ಹೆಸರಿನ ಬ್ಯಾಗು ಸ್ಪೇನಿನಲ್ಲೋ ಅಮೆರಿಕದ ಟೆಕ್ಸಾಸಿನಲ್ಲೋ ಹೊಲಿದದ್ದೂ ಇರಬಹುದು. 10 ಲಕ್ಷ ದಾಟಿದ ಬ್ಯಾಗಿಗೆ 2025ರ ಏಪ್ರಿಲ್‌ನಿಂದ ಶೇಕಡಾ 1ರಷ್ಟು ಟಿಸಿಎಸ್ ಎಂಬ ತೆರಿಗೆ ಬೇರೆ ಹಿಡಿಯುತ್ತಾರೆ, ಸದ್ಯಕ್ಕೆ ನಿನಗೆ ಆ ಚಿಂತೆ ಬೇಡ ಬಿಡು.

ನಿನಗೆ ಬೇಕಾದ ಚಿಂತೆ ಕ್ರೆಡಿಟ್ ಕಾರ್ಡಿನದು. ತಿಂಗಳಿಗೆ ಶೇಕಡಾ 3.5 ಬಡ್ಡಿಯ ಕಾರ್ಡಿನಲ್ಲಿ 1,80,000 ಬಾಕಿ ಉಳಿಸಿಕೊಂಡರೆ ಒಂದು ತಿಂಗಳಿಗೆ 6,300 ರೂಪಾಯಿ ಬಡ್ಡಿ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ, ಒಟ್ಟು 7,434. ‘ಮಿನಿಮಂ ಡ್ಯೂ’ ಕಟ್ಟಿ ಸುಮ್ಮನಾದವರ ಮುಖ ನಾನು ಬ್ಯಾಂಕಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ‘ನೋ ಕಾಸ್ಟ್ ಇಎಂಐ’ ಅಂದರೂ ಸಾಮಾನ್ಯವಾಗಿ ಬಡ್ಡಿಯ ಮೇಲಿನ ಜಿಎಸ್‌ಟಿ, ಪ್ರೊಸೆಸಿಂಗ್ ಶುಲ್ಕ ಎಂದು ಏನಾದರೊಂದು ಅಂಟಿಕೊಂಡೇ ಬರುತ್ತದೆ. ಆರು ತಿಂಗಳ ಖರ್ಚಿಗಾಗುವಷ್ಟು ಬೇರೆ ಖಾತೆಯಲ್ಲಿ ಇದ್ದು, ಅದನ್ನು ಮುಟ್ಟದೆ ಪೂರ್ತಿ ದುಡ್ಡು ಒಮ್ಮೆಗೇ ಕೊಡಲು ಆಗುವುದಾದರೆ ಮಾತ್ರ ಕೊಳ್ಳು. ಕಂತಿನಲ್ಲಿ ಮನೆ ಕೊಳ್ಳಬಹುದು, ಬ್ಯಾಗು ಬೇಡ.

‘ಇದು ಇನ್ವೆಸ್ಟ್‌ಮೆಂಟ್ ಮೇಡಂ’ ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಿರು. ಎರ್ಮೆಸ್‌ನ ಕೆಲವು ಬ್ಯಾಗುಗಳು, ಇನ್ನು ಬೆರಳೆಣಿಕೆಯ ಕೆಲವು ಬಿಟ್ಟರೆ ಬಹುತೇಕ ಬ್ಯಾಗುಗಳು ಅಂಗಡಿಯ ಹೊಸ್ತಿಲು ದಾಟಿದ ಕೂಡಲೇ ಸೆಕೆಂಡ್‌ಹ್ಯಾಂಡ್. ಈ ವಿಷಯದಲ್ಲಿ ನಿನ್ನಮ್ಮನ ಚಿನ್ನದ ಮಾತೇ ಸರಿ. ಬ್ಯಾಗನ್ನು ಬಳಸಲು ಕೊಳ್ಳುತ್ತೇವೆ, ಕೂಡಿಡಲು ಅಲ್ಲ.

ಬಿಲ್ಲು ನಿನ್ನ ಹೆಸರಿನಲ್ಲೇ ಇರಲಿ. ವಾಪಸು ತಗೊಳ್ಳುತ್ತೀರಾ, ಬರೀ ಬದಲಿ ಕೊಡುತ್ತೀರಾ, ಎಷ್ಟು ದಿನದೊಳಗೆ, ರಿಪೇರಿ ಬೆಂಗಳೂರಿನಲ್ಲೇ ಆಗುತ್ತದೋ ಹೊರದೇಶಕ್ಕೆ ಕಳಿಸುತ್ತೀರೋ ಎಂದು ಕಾರ್ಡು ಉಜ್ಜುವ ಮೊದಲು ಕೇಳು. ಉಜ್ಜಿದ ಮೇಲೆ ಆ ಪ್ರಶ್ನೆಗಳಿಗೆ ಬಲವಿಲ್ಲ. ತಕರಾರು ಎದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಬೆಲೆ ಕೇಳಿ ಬೆಚ್ಚಿಬಿದ್ದು ‘ಫಸ್ಟ್ ಕಾಪಿ’ಯ ಕಡೆಗೂ ತಿರುಗಬೇಡ. ಮೂರು ಸಾವಿರಕ್ಕೆ ಸಿಗುತ್ತದೆ ಎಂದು ಗೆಳತಿಯರು ಹೇಳುತ್ತಾರೆ. ಅದು ಕದ್ದ ಹೆಸರು, ಹಿಡಿದವಳ ಮನಸ್ಸಿನಲ್ಲಿ ಸದಾ ಒಂದು ಪುಕಪುಕ. ಮುಂದೆ ಆಫೀಸಿನವರು ಫ್ರಾನ್ಸಿಗೋ ಇಟಲಿಗೋ ಕಳಿಸಿದರೆ ಅಲ್ಲಿ ನಕಲಿ ಮಾಲು ಕೊಂಡವರಿಗೂ ದಂಡ ಉಂಟು. ಕಡಿಮೆ ದುಡ್ಡಿನಲ್ಲಿ ಗಟ್ಟಿ ಬ್ಯಾಗು ಬೇಕಾದರೆ ದಾರಿ ಬೇರೆ ಇದೆ. ಲಿಡ್ಕರ್ ಮಳಿಗೆಯಲ್ಲಿ ಅಪ್ಪಟ ಚರ್ಮದ್ದು ಸಿಗುತ್ತದೆ. 1978ರಲ್ಲಿ ಪುದುಚೇರಿಯಲ್ಲಿ ಶುರುವಾದ ಹೈಡಿಸೈನ್ ಇದೆ. ಚರ್ಮವಷ್ಟೇ ಮುಖ್ಯ ಅನ್ನುವವರಿಗೆ ಇವು ಸಾಲದೆ? ಸಾಲದು, ನನಗೆ ಆ ಹೆಸರೇ ಬೇಕು ಎಂದರೆ ಅದನ್ನೂ ಎದೆ ತಟ್ಟಿ ಹೇಳಿಕೊಂಡು ಕೊಳ್ಳು.

ಕೊಂಡೆ ಎಂದುಕೋ. ನೋಡಿಕೊಳ್ಳುವುದು ಗೊತ್ತಿರಬೇಕು. ನಮ್ಮ ತೀರ್ಥಹಳ್ಳಿಯ ಮಳೆಗಾಲ ನಿನಗೆ ಗೊತ್ತು, ಬೀರುವಿನಲ್ಲಿಟ್ಟ ಬೆಲ್ಟಿಗೂ ಬೂಸ್ಟು ಹಿಡಿಯುತ್ತದೆ. ರಜೆಗೆ ಬರುವಾಗ ಬ್ಯಾಗು ತಂದರೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಡಬೇಡ, ಒಳಗೇ ಬೆವೆತು ಹಾಳಾಗುತ್ತದೆ. ಅಂಗಡಿಯವರು ಕೊಡುವ ಬಟ್ಟೆ ಚೀಲ ಸಾಕು. ಒಳಗೆ ನ್ಯೂಸ್‌ಪೇಪರ್ ತುರುಕಿದರೆ ಶಾಯಿ ಅಂಟುತ್ತದೆ, ಹಳೆಯ ಬಿಳಿ ಪಂಚೆಯ ತುಂಡು ತುಂಬು, ಆಕಾರ ನಿಲ್ಲುತ್ತದೆ. ಹದಿನೈದು ದಿನಕ್ಕೊಮ್ಮೆ ಹೊರತೆಗೆದು ನೆರಳಿನಲ್ಲಿ ಗಾಳಿಗಿಡು. ಬಣ್ಣ ಹಾಕದ ಎಳೆ ಚರ್ಮದ ಹಿಡಿಕೆ ಇದ್ದರೆ ಒಂದೇ ಮಳೆಹನಿ ಕಲೆಯಾಗಿ ನಿಲ್ಲುತ್ತದೆ, ಬೆಂಗಳೂರಿನ ಸಂಜೆ ಮಳೆ ಹೇಳಿಕೇಳಿ ಬರುವುದಿಲ್ಲ. ಸ್ಯಾನಿಟೈಸರ್ ಹಚ್ಚಿದ ಕೈ ಒಣಗುವ ತನಕ ಹಿಡಿಕೆ ಮುಟ್ಟಬೇಡ. ತಿಳಿ ಬಣ್ಣದ ಬ್ಯಾಗಿಗೆ ಹೊಸ ಜೀನ್ಸ್‌ನ ನೀಲಿ ಹತ್ತಿದರೆ ಹೋಗುವುದು ಕಷ್ಟ.

ಇಷ್ಟು ಹೇಳಿದೆನೆಂದು ಬೀರುವಿನಲ್ಲಿ ಪೂಜೆಗಿಡಬೇಡ. ಜೇನ್ ಬರ್ಕಿನ್ ಎಂಬ ನಟಿ-ಗಾಯಕಿಗಾಗಿಯೇ ಎರ್ಮೆಸ್‌ನವರು 1980ರ ದಶಕದಲ್ಲಿ ಒಂದು ಬ್ಯಾಗು ಮಾಡಿದರು. ಅವಳು ಅದಕ್ಕೆ ಸ್ಟಿಕ್ಕರು ಅಂಟಿಸಿ, ಉಗುರು ಕತ್ತರಿಸುವ ಕಟರ್ ನೇತುಹಾಕಿ, ವರ್ಷಗಟ್ಟಲೆ ಹೊತ್ತು ತಿರುಗಿ, 1994ರಲ್ಲಿ ಏಡ್ಸ್ ಪೀಡಿತರ ನೆರವಿಗೆಂದು ಹರಾಜಿಗೆ ಕೊಟ್ಟುಬಿಟ್ಟಳು. ಆ ಗೀರು, ಆ ಕಲೆ, ಆ ಕಟರ್ ಸಮೇತ ಅದೇ ಬ್ಯಾಗು 2025ರ ಜುಲೈನಲ್ಲಿ ಪ್ಯಾರಿಸ್‌ನ ಹರಾಜಿನಲ್ಲಿ 86 ಲಕ್ಷ ಯೂರೋಗೆ ಹೋಯಿತು. ಅವಳು ಬ್ಯಾಗಿಗೆ ಹೆದರಿ ಬದುಕಿದವಳಲ್ಲ. ನೀನೂ ಹೆದರಬೇಡ.

ಕೊನೆಯದಾಗಿ ಇದೊಂದು ನಡೆಸಿಕೊಡು. ಶನಿವಾರ ಹೋಗು, ಒಳ್ಳೆಯ ಬಟ್ಟೆ ಹಾಕಿಕೊಂಡೇ ಹೋಗು, ಕೂತು ಕಾಫಿ ಕುಡಿ, ಬೇಕಾದಷ್ಟು ಬ್ಯಾಗು ತೆಗೆಸಿ ನೋಡು. ಆಮೇಲೆ ‘ಥ್ಯಾಂಕ್ಸ್, ಯೋಚನೆ ಮಾಡ್ತೀನಿ’ ಎಂದು ಹೇಳಿ ಬರಿಗೈಯಲ್ಲಿ ಹೊರಗೆ ಬಾ. ಒಂದು ತಿಂಗಳು ಬಿಟ್ಟೂ ಅದೇ ಬ್ಯಾಗು ಬೇಕು ಅನ್ನಿಸಿದರೆ ಹೋಗಿ ತಗೋ, ನಿನ್ನಮ್ಮನನ್ನು ನಾನು ಒಪ್ಪಿಸುತ್ತೇನೆ. ಆ ಅಂಗಡಿಯಿಂದ ಬರಿಗೈಯಲ್ಲಿ ತಲೆಯೆತ್ತಿ ಹೊರಬರಬಲ್ಲವಳಿಗೆ ಮಾತ್ರ ಅಲ್ಲಿ ಬ್ಯಾಗು ಕೊಳ್ಳುವ ಯೋಗ್ಯತೆ ಬಂದಿದೆ ಎಂದು ಲೆಕ್ಕ.