ಎಳ್ಳಿನಷ್ಟು ಮೈ, ಚಳಿಗಾಲಕ್ಕಾಗುವಷ್ಟು ಎಣ್ಣೆ

ಉದ್ದ ಎರಡು ಪಟ್ಟಾದರೆ ಗಾತ್ರ ಎಂಟು ಪಟ್ಟು. ಬೀಮು, ಕಾಲಮ್ಮು, ಟ್ಯಾಂಕುಗಳಿಗೆ ನಾವು ಹಾಕುವ ಈ ಲೆಕ್ಕವನ್ನು ಈ ಸಲ ಉತ್ತರ ಅಟ್ಲಾಂಟಿಕ್‌ನ ಒಂದು ಪುಟ್ಟ ಜೀವಿಗೆ ಹಾಕಿ ನೋಡೋಣ.

ಕ್ಯಾಲನಸ್ ಸೀಗಡಿಯ ದೂರದ ನೆಂಟ, ನೀರಿನಲ್ಲಿ ತೇಲುವ ಪ್ರಾಣಿಪ್ಲವಕ. ಇದರ ಫಿನ್‌ಮಾರ್ಕಿಕಸ್ ಜಾತಿ 2-3 ಮಿಲಿಮೀಟರ್, ಅಂದರೆ ಒಂದು ಎಳ್ಳಿನಷ್ಟು. ಆರ್ಕ್‌ಟಿಕ್‌ನ ಹೈಪರ್ಬೋರಿಯಸ್ ಅದರ ಎರಡು ಪಟ್ಟಿಗೂ ಉದ್ದ. ಅಲ್ಲಿ ಪಾಚಿ ಸಮೃದ್ಧವಾಗಿ ಸಿಗೋದು ವರ್ಷದಲ್ಲಿ ಕೆಲವೇ ತಿಂಗಳು. ಬೇಸಿಗೆಯಲ್ಲೇ ಹಪ್ಪಳ ಸಂಡಿಗೆ ಮಾಡಿ ಡಬ್ಬ ತುಂಬಿಸಿಡೋ ಹಾಗೆ ಇದೂ ತಿಂದದ್ದನ್ನು ಮೇಣದಂಥ ಕೊಬ್ಬಾಗಿ ಮಾಡಿ ಹೊಟ್ಟೆಯೊಳಗಿನ ಚೀಲದಲ್ಲಿ ತುಂಬಿಕೊಳ್ಳುತ್ತದೆ. ಮೈ ಪಾರದರ್ಶಕವಾದ್ದರಿಂದ ಸೂಕ್ಷ್ಮದರ್ಶಕದಲ್ಲಿ ಚೀಲ ಗಾಜಿನ ಕೊಳವೆಯಂತೆ ಕಾಣುತ್ತದೆ. ಚೆನ್ನಾಗಿ ಮೇದ ಜೀವಿಯ ಒಣತೂಕದಲ್ಲಿ ಅರ್ಧಕ್ಕೂ ಹೆಚ್ಚು ಕೊಬ್ಬೇ! ಆಮೇಲೆ ನೂರಾರು ಮೀಟರ್ ಆಳಕ್ಕಿಳಿದು, ಊಟವಿಲ್ಲದೆ ಚಳಿಗಾಲ ಕಳೆಯುತ್ತದೆ. ಹೈಪರ್ಬೋರಿಯಸ್ ಅಂತೂ ಆ ಕತ್ತಲಲ್ಲೇ, ಕೂಡಿಟ್ಟ ಕೊಬ್ಬಿನಿಂದಲೇ ಮೊಟ್ಟೆಯನ್ನೂ ಇಡುತ್ತದೆ.

ಈಗ ಲೆಕ್ಕ. ಉದ್ದ ಇಮ್ಮಡಿಯಾದರೆ ಎಣ್ಣೆಗೆ ಜಾಗ ಸುಮಾರು 8 ಪಟ್ಟು. ಆದರೆ ಉಸಿರಾಟದ ಖರ್ಚು ತೂಕದ ಮುಕ್ಕಾಲು ಘಾತಕ್ಕೆ ಏರುತ್ತದೆ ಅಂತಿಟ್ಟುಕೊಂಡರೆ ಅದು 4.8 ಪಟ್ಟು ಮಾತ್ರ. 8ನ್ನು 4.8ರಿಂದ ಭಾಗಿಸಿ: ದೊಡ್ಡದು ಸುಮಾರು 1.7 ಪಟ್ಟು ಹೆಚ್ಚು ದಿನ ಉಪವಾಸ ತಡೆಯುತ್ತದೆ. ಅಂದಾಜು ಲೆಕ್ಕವೇ, ಆದರೆ ದಿಕ್ಕು ಸರಿ.

ನೀರು ಬಿಸಿಯಾದರೆ? ಅದೇ ಜಾತಿ ಬೇಗ ಬೆಳೆದು, ಸಣ್ಣ ಮೈಯಲ್ಲೇ ಪ್ರಾಯಕ್ಕೆ ಬರುತ್ತದೆ. ಆಳದ ನೀರೂ ಬೆಚ್ಚಗಾದರೆ ಖರ್ಚು ಏರುತ್ತದೆ. ಆದಾಯ ಕಮ್ಮಿ, ಬಾಡಿಗೆ ಜಾಸ್ತಿ! ಹಾಗಾಗಿ ಒಂದು ಬಕೆಟ್ ನೀರಲ್ಲಿ ಎಷ್ಟು ತಲೆಗಳಿವೆ ಅಂತ ಎಣಿಸಿದರೆ ಸಾಲದು, ಎಷ್ಟು ಎಣ್ಣೆ ಇದೆ ಅಂತಲೂ ನೋಡಬೇಕು.

ಉತ್ತರ ಅಟ್ಲಾಂಟಿಕ್ ರೈಟ್ ತಿಮಿಂಗಿಲ ಈ ಎಣ್ಣೆಯನ್ನೇ ನಂಬಿದ ಪ್ರಾಣಿ. ಈಗ ಉಳಿದಿರೋದು 400ಕ್ಕೂ ಕಡಿಮೆ. 2010ರ ನಂತರ ಮೇನ್ ಕೊಲ್ಲಿ ಬಿಸಿಯೇರಿ ಅಲ್ಲಿ ಫಿನ್‌ಮಾರ್ಕಿಕಸ್ ಕಮ್ಮಿಯಾದಾಗ, ತಿಮಿಂಗಿಲಗಳು ಆಹಾರ ಹುಡುಕಿಕೊಂಡು ಕೆನಡಾದ ಸೇಂಟ್ ಲಾರೆನ್ಸ್ ಕೊಲ್ಲಿಗೆ ಹೋದವು. ಅಲ್ಲಿ ಹಡಗುಗಳೂ ಏಡಿ ಬಲೆಯ ಹಗ್ಗಗಳೂ ದಟ್ಟ, ಅವುಗಳಿಂದ ಕಾಯುವ ನಿಯಮಗಳು ಇನ್ನೂ ಬಂದಿರಲಿಲ್ಲ. 2017ರಲ್ಲಿ ಕೆನಡಾ, ಅಮೆರಿಕ ಎರಡೂ ಸೇರಿ 17 ಸತ್ತು ಸಿಕ್ಕವು. ಆ ವರ್ಷದ ಆಗಸ್ಟ್‌ನಲ್ಲಿ ಕೆನಡಾ ಆ ಕೊಲ್ಲಿಯ ಪಶ್ಚಿಮ ಭಾಗದಲ್ಲಿ ದೊಡ್ಡ ಹಡಗುಗಳ ವೇಗವನ್ನು 10 ನಾಟ್‌ಗೆ ಇಳಿಸಿತು.