ಕಾರ್ಯಾಲಯದಲ್ಲಿ ಹಸುರು ಗಿಡ

ಕಾರ್ಯಾಲಯಗಳಲ್ಲಿಯೂ ಗ್ರಂಥಾಲಯಗಳಲ್ಲಿಯೂ ಕಿಟಕಿಯ ಬಳಿ ಒಂದೆರಡು ಕುಂಡಗಳನ್ನಿಡುವುದು ಈಗ ಸಾಮಾನ್ಯವಾದ ರೂಢಿ. ‘ಈ ಗಿಡವೇಕೆ?’ ಎಂದು ಕೇಳಿದರೆ, ‘ಅದು ಗಾಳಿಯನ್ನು ಶುದ್ಧಮಾಡುತ್ತದೆ’ ಎಂಬ ಉತ್ತರ ಥಟ್ಟನೆ ಬರುತ್ತದೆ. ಈ ಉತ್ತರ ಎಷ್ಟರಮಟ್ಟಿಗೆ ನಿಜ? ಗಿಡದಿಂದ ಕೆಲಸಮಾಡುವವರಿಗೆ ದೊರೆಯುವ ಲಾಭ ಯಾವುದು? ಇದನ್ನು ವಿಚಾರಮಾಡಿ ನೋಡೋಣ.

ನಂಬಿಕೆಯ ಮೂಲ

ಗಿಡಗಳು ಗಾಳಿಯನ್ನು ತಿಳಿಗೊಳಿಸುತ್ತವೆಂಬ ಭಾವನೆಗೆ ವಿಜ್ಞಾನದ ಆಧಾರವುಂಟು. 1771ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿಯು, ಮೇಣದ ಬತ್ತಿಯು ಉರಿದು ನಂದಿಹೋಗಿದ್ದ ಮುಚ್ಚಿದ ಪಾತ್ರೆಯ ಗಾಳಿಯಲ್ಲಿ ಪುದೀನದ ಒಂದು ಕುಡಿಯನ್ನಿಟ್ಟನು. ಹತ್ತು ದಿನಗಳ ತರುವಾಯ ಅದೇ ಗಾಳಿಯಲ್ಲಿ ಬತ್ತಿಯು ಮತ್ತೆ ಚೆನ್ನಾಗಿ ಉರಿಯಿತು. 1779ರಲ್ಲಿ ಯಾನ್ ಇಂಗೆನ್‌ಹೌಸ್ ಎಂಬ ವೈದ್ಯನು ಈ ಕಾರ್ಯಕ್ಕೆ ಬೆಳಕು ಅತ್ಯಗತ್ಯವೆಂದೂ, ಗಿಡದ ಹಸುರು ಭಾಗಗಳು ಮಾತ್ರವೇ ಇದನ್ನು ಮಾಡಬಲ್ಲವೆಂದೂ ತೋರಿಸಿಕೊಟ್ಟನು. ಎಲೆಯು ಬೆಳಕಿನ ಶಕ್ತಿಯಿಂದ ಇಂಗಾಲದ ಡೈಆಕ್ಸೈಡನ್ನೂ ನೀರನ್ನೂ ಸೇರಿಸಿ ಸಕ್ಕರೆಯನ್ನು ತಯಾರಿಸುತ್ತದೆ; ಆಮ್ಲಜನಕವನ್ನು ಹೊರಬಿಡುತ್ತದೆ. ಇದೇ ದ್ಯುತಿಸಂಶ್ಲೇಷಣೆ.

1989ರಲ್ಲಿ ಅಮೆರಿಕದ ಅಂತರಿಕ್ಷ ಸಂಸ್ಥೆಯಾದ ನಾಸಾದಲ್ಲಿ ವುಲ್ವರ್ಟನ್ ಎಂಬ ವಿಜ್ಞಾನಿಯೂ ಆತನ ಸಂಗಡಿಗರೂ ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ ಕುಂಡದ ಗಿಡಗಳನ್ನಿಟ್ಟು, ಬೆನ್‌ಜೀನ್, ಫಾರ್ಮಾಲ್ಡಿಹೈಡ್ ಮೊದಲಾದ ವಿಷಾನಿಲಗಳು ಕ್ರಮೇಣ ಕಡಮೆಯಾಗುವುದನ್ನು ಕಂಡರು. ಬೇರಿನ ಸುತ್ತಲಿನ ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳೂ ಇದರಲ್ಲಿ ಪಾಲ್ಗೊಂಡಿದ್ದವು. ಈ ಸುದ್ದಿ ಜಗತ್ತಿನಲ್ಲೆಲ್ಲ ಹಬ್ಬಿತು. ಆದರೆ ಆ ಪೆಟ್ಟಿಗೆಗೂ ನಮ್ಮ ಕೊಠಡಿಗೂ ಇರುವ ಅಂತರವನ್ನು ಜನರು ಮರೆತರು.

ಒಂದು ಸಣ್ಣ ಲೆಕ್ಕ

ಕುಳಿತು ಕೆಲಸಮಾಡುವ ಮನುಷ್ಯನೊಬ್ಬನು ಗಂಟೆಗೆ ಸುಮಾರು 20 ಲೀಟರು ಇಂಗಾಲದ ಡೈಆಕ್ಸೈಡನ್ನು ಉಸಿರಿನೊಡನೆ ಹೊರಬಿಡುತ್ತಾನೆ. ಇದನ್ನು ಹೀರಲು ಎಷ್ಟು ಎಲೆ ಬೇಕು? ನಡುಹಗಲಿನ ಬಿಸಿಲಿನ ಪ್ರಕಾಶ ಸುಮಾರು 1,00,000 ಲಕ್ಸ್. ಕಾರ್ಯಾಲಯದ ಮೇಜಿನ ಮೇಲಿನ ಪ್ರಕಾಶ 300ರಿಂದ 500 ಲಕ್ಸ್ ಮಾತ್ರ. ನಮ್ಮ ಕಣ್ಣು ಹೊಂದಿಕೊಳ್ಳುವುದರಿಂದ ಈ ವ್ಯತ್ಯಾಸ ನಮಗೆ ಅಷ್ಟಾಗಿ ತಿಳಿಯುವುದಿಲ್ಲ; ಎಲೆಗಾದರೋ ಅದು ಹೊಟ್ಟೆಗಿಲ್ಲದ ಸ್ಥಿತಿ. ಇಂತಹ ಮಂದ ಬೆಳಕಿನಲ್ಲಿ ಒಂದು ಚದರ ಮೀಟರು ಎಲೆಯು ಗಂಟೆಗೆ 0.1 ಲೀಟರನ್ನು ಮೀರಿ ಹೀರಲಾರದು. ಹಾಗಾದರೆ ಒಬ್ಬನ ಉಸಿರಿಗೆ 200 ಚದರ ಮೀಟರು ಎಲೆ ಬೇಕಾಯಿತು! ಒಂದು ಕುಂಡದ ಗಿಡದಲ್ಲಿ ಅರ್ಧ ಚದರ ಮೀಟರು ಎಲೆಯಿದೆಯೆಂದು ಉದಾರವಾಗಿ ಭಾವಿಸಿದರೂ, ತಲೆಗೆ 400 ಕುಂಡಗಳು. ಅವುಗಳ ನಡುವೆ ಕುರ್ಚಿಗೆ ಸ್ಥಳವೇ ಇರದು.

ವಿಷಾನಿಲಗಳ ವಿಷಯವೂ ಹೀಗೆಯೇ. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾನಿಲಯದ ಕಮಿಂಗ್ಸ್ ಮತ್ತು ವೇರಿಂಗ್ ಎಂಬವರು ಅದುವರೆಗಿನ 196 ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ಲೆಕ್ಕಹಾಕಿದರು. ಕಟ್ಟಡದೊಳಕ್ಕೆ ಸಹಜವಾಗಿ ಬಂದುಹೋಗುವ ಗಾಳಿಯು ಮಾಡುವಷ್ಟು ಶುದ್ಧೀಕರಣವನ್ನು ಗಿಡಗಳೇ ಮಾಡಬೇಕಾದರೆ, ನೆಲದ ಪ್ರತಿ ಚದರ ಮೀಟರಿಗೆ 10ರಿಂದ 1,000 ಗಿಡಗಳು ಬೇಕೆಂದು ತಿಳಿದುಬಂದಿತು. ಆದುದರಿಂದ ಕಿಟಕಿಯನ್ನು ಮುಚ್ಚಿ ಕುಂಡವನ್ನು ನಂಬಿ ಕೂರುವುದು ಜಾಣತನವಲ್ಲ. ಗಾಳಿಗೆ ಕಿಟಕಿಯೇ ಮದ್ದು.

ಇದೇ ಲೆಕ್ಕದಿಂದ ಇನ್ನೊಂದು ಭಯವೂ ನಿವಾರಣೆಯಾಗುತ್ತದೆ. ರಾತ್ರಿ ಗಿಡವು ಆಮ್ಲಜನಕವನ್ನು ಕಸಿದುಕೊಳ್ಳುವುದೆಂದು ಕೆಲವರು ಅಂಜುವರು. ಗಿಡವೂ ಉಸಿರಾಡುವುದು ದಿಟ. ಆದರೆ ಕುಂಡದ ಗಿಡದ ಉಸಿರು ಪಕ್ಕದಲ್ಲಿ ಮಲಗಿದ ಮನುಷ್ಯನ ಉಸಿರಿನ ಮುಂದೆ ಗಣನೆಗೆ ಬಾರದಷ್ಟು ಅಲ್ಪ.

ನಿಜವಾದ ಲಾಭ

ಹಾಗಾದರೆ ಗಿಡಗಳನ್ನು ಹೊರಗೆ ಹಾಕಬೇಕೆ? ಬೇಡ. ಅವುಗಳ ಉಪಕಾರವನ್ನು ನಾವು ತಪ್ಪುಕಡೆಯಲ್ಲಿ ಹುಡುಕುತ್ತಿದ್ದೆವು, ಅಷ್ಟೆ.

1984ರಲ್ಲಿ ರೋಜರ್ ಉಲ್ರಿಚ್ ಎಂಬ ಸಂಶೋಧಕನು ಪೆನ್ಸಿಲ್ವೇನಿಯದ ಒಂದು ಆಸ್ಪತ್ರೆಯ ದಾಖಲೆಗಳನ್ನು ಪರಿಶೀಲಿಸಿ ಬರೆದ ಲೇಖನ ಪ್ರಸಿದ್ಧವಾಗಿದೆ. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ ರೋಗಿಗಳಲ್ಲಿ, ಕಿಟಕಿಯಿಂದ ಮರಗಳು ಕಾಣುತ್ತಿದ್ದ 23 ಮಂದಿಯನ್ನು ಇಟ್ಟಿಗೆಯ ಗೋಡೆ ಮಾತ್ರ ಕಾಣುತ್ತಿದ್ದ 23 ಮಂದಿಯೊಡನೆ ಆತನು ಹೋಲಿಸಿದನು. ಮರಗಳನ್ನು ಕಂಡವರು ಚಿಕಿತ್ಸೆಯ ತರುವಾಯ ಸರಾಸರಿ 7.96 ದಿನ ಆಸ್ಪತ್ರೆಯಲ್ಲಿದ್ದರು. ಗೋಡೆಯನ್ನು ಕಂಡವರು 8.70 ದಿನ. ಮೊದಲಿನವರಿಗೆ ಬಲವಾದ ನೋವುನಿವಾರಕಗಳೂ ಕಡಮೆ ಸಾಕಾದವು. ಇಲ್ಲಿ ಮರಗಳು ಗಾಜಿನ ಆಚೆ ಇದ್ದುವೆಂಬುದನ್ನು ಗಮನಿಸಬೇಕು. ರೋಗಿಗಳಿಗೆ ತಲುಪಿದ್ದು ಗಾಳಿಯಲ್ಲ, ನೋಟ.

ಕಾರ್ಯಾಲಯಗಳಲ್ಲಿಯೂ ಪ್ರಯೋಗಗಳು ನಡೆದಿವೆ. ಬ್ರಿಟನ್ ಮತ್ತು ನೆದರ್ಲೆಂಡ್ಸ್ ದೇಶಗಳ ಕಾರ್ಯಾಲಯಗಳಲ್ಲಿ, ಏನೂ ಇಲ್ಲದ ಬರಿದಾದ ಕೊಠಡಿಗಳಿಗೆ ಗಿಡಗಳನ್ನು ತಂದಿರಿಸಿದಾಗ ಕೆಲಸವು ಸುಮಾರು ಶೇಕಡ 15ರಷ್ಟು ಹೆಚ್ಚಿತೆಂದು 2014ರಲ್ಲಿ ಸಂಶೋಧಕರು ವರದಿಮಾಡಿದರು. ಎಲ್ಲ ಕಡೆಯೂ ಇದೇ ಪ್ರಮಾಣದ ಲಾಭವನ್ನು ನಿರೀಕ್ಷಿಸಲಾಗದು. ಕೆಲಸದ ಬಗೆ, ಕೊಠಡಿಯ ರೀತಿ, ಜನರ ಅಭಿರುಚಿ ಇವುಗಳಿಗನುಸಾರವಾಗಿ ಫಲಿತಾಂಶ ಬದಲಾಗುತ್ತದೆ.

ಇದಕ್ಕೆ ಕಾರಣವೇನು? ಮನಶ್ಶಾಸ್ತ್ರಜ್ಞರಾದ ರೇಚಲ್ ಮತ್ತು ಸ್ಟೀಫನ್ ಕಾಪ್ಲನ್ ದಂಪತಿಗಳು ಒಂದು ವಿವರಣೆಯನ್ನು ಮುಂದಿಟ್ಟರು. ಲೆಕ್ಕವನ್ನು ಮಾಡುವಾಗ, ಪತ್ರವನ್ನು ಬರೆಯುವಾಗ ನಾವು ಮನಸ್ಸನ್ನು ಬಲವಂತವಾಗಿ ಒಂದೆಡೆ ಹಿಡಿದಿರುತ್ತೇವೆ. ಈ ಹಿಡಿತ ದಣಿಯುತ್ತದೆ. ಎಲೆಯ ಅಲುಗಾಟ, ಹೊಸ ಚಿಗುರು ಮುಂತಾದುವು ನಮ್ಮ ಗಮನವನ್ನು ಯಾವ ಶ್ರಮವೂ ಇಲ್ಲದೆ ಮೆಲ್ಲನೆ ಸೆಳೆಯುತ್ತವೆ. ಆ ಹೊತ್ತಿನಲ್ಲಿ ದಣಿದ ಶಕ್ತಿಯು ವಿಶ್ರಮಿಸಿ ಚೇತರಿಸಿಕೊಳ್ಳುತ್ತದೆ. ಓದಿ ಬೇಸತ್ತ ವಿದ್ಯಾರ್ಥಿಯು ಕಿಟಕಿಯಾಚೆಯ ಮರವನ್ನು ಅರೆಗಳಿಗೆ ನೋಡಿ ಪುಸ್ತಕಕ್ಕೆ ಹಿಂದಿರುಗುವುದು ಸೋಮಾರಿತನವಲ್ಲವೆಂದಾಯಿತು.

ಯಾವ ಗಿಡ? ಹೇಗೆ?

ಕಾಡಿನ ದೊಡ್ಡ ಮರಗಳ ನೆರಳಿನಲ್ಲಿ ಬಾಳಲು ಕಲಿತ ಉಷ್ಣವಲಯದ ಗಿಡಗಳು ಕೊಠಡಿಯ ಮಂದ ಬೆಳಕನ್ನು ತಾಳಿಕೊಳ್ಳುತ್ತವೆ. ಎಲ್ಲರೂ ಬಲ್ಲ ಮನಿಪ್ಲಾಂಟ್ ಇಂತಹದು. ಸ್ನೇಕ್‌ ಪ್ಲಾಂಟ್ ಹಲವು ದಿನ ನೀರಿಲ್ಲದೆಯೂ ಇರಬಲ್ಲದು. ಇಂತಹ ಗಿಡಗಳು ಸಾಯುವುದು ಬಾಯಾರಿಕೆಯಿಂದಲ್ಲ, ಬಹುಮಟ್ಟಿಗೆ ಅತಿಯಾದ ನೀರಿನಿಂದ ಬೇರು ಕೊಳೆತು. ಮೇಲಿನ ಮಣ್ಣನ್ನು ಬೆರಳಿನಿಂದ ಮುಟ್ಟಿ, ಒಣಗಿದ್ದರೆ ಮಾತ್ರ ನೀರೆರೆಯಬೇಕು.

ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಗೊಡಬಾರದು. ಡೆಂಗಿ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಯು ಇಂತಹ ನೀರಿನಲ್ಲಿಯೇ ಮರಿಮಾಡುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಅದಕ್ಕೆ ಸುಮಾರು 7ರಿಂದ 10 ದಿನ ಸಾಕು. ಆದುದರಿಂದ ವಾರಕ್ಕೊಮ್ಮೆಯಾದರೂ ತಟ್ಟೆಯನ್ನು ಬರಿದುಮಾಡಿ ಉಜ್ಜಿ ತೊಳೆಯಬೇಕು.

ನೀವೇ ಮಾಡಿ ನೋಡಿ

ಒಂದೇ ಬಗೆಯ ಎರಡು ಕುಂಡದ ಗಿಡಗಳಿಗೆ ಸಮವಾಗಿ ನೀರೆರೆಯಿರಿ. ಎರಡರಲ್ಲಿಯೂ ಸಮಾನವಾದ ಎಲೆಗಳುಳ್ಳ ಒಂದೊಂದು ರೆಂಬೆಗೆ ಪಾರದರ್ಶಕ ಪ್ಲಾಸ್ಟಿಕ್ ಚೀಲವನ್ನು ಕಟ್ಟಿರಿ. ಒಂದನ್ನು ಬೆಳಗಿನ ಎಳೆಬಿಸಿಲಿನಲ್ಲಿಯೂ ಇನ್ನೊಂದನ್ನು ಕೊಠಡಿಯ ಮೂಲೆಯಲ್ಲಿಯೂ ಇರಿಸಿ, ಎರಡು ಗಂಟೆಗಳ ತರುವಾಯ ಚೀಲದೊಳಗಿನ ಹನಿಗಳನ್ನು ಹೋಲಿಸಿರಿ. ಬಿಸಿಲಿನಲ್ಲಿ ಪತ್ರರಂಧ್ರಗಳು ತೆರೆದು, ಎಲೆಯು ಬೆಚ್ಚಗಾಗಿ, ಹೆಚ್ಚು ನೀರಾವಿ ಹೊರಬಂದಿರುತ್ತದೆ. ಬೆಳಕು ಕಡಮೆಯಾದಲ್ಲಿ ಎಲೆಯ ವ್ಯವಹಾರವೇ ಕುಗ್ಗುವುದೆಂಬುದು ಆಗ ಕಣ್ಣಾರೆ ತಿಳಿಯುವುದು.

ಗಿಡವು ಗಾಳಿಯ ಯಂತ್ರವಲ್ಲ. ನಮ್ಮೊಡನೆ ಬಾಳುವ ಒಂದು ಜೀವ. ಕಿಟಕಿಯನ್ನು ತೆರೆದಿಡಿ, ಅದರ ಪಕ್ಕದಲ್ಲಿ ಗಿಡವನ್ನೂ ಇಡಿ: ಒಂದು ಉಸಿರಿಗೆ, ಇನ್ನೊಂದು ಮನಸ್ಸಿಗೆ.