ಲಂಗದ ಬಟ್ಟೆ ಕೊಳ್ಳುವ ಮುನ್ನ

ಅನುಗೊಂಡನಹಳ್ಳಿಯ ತಾಯಂದಿರೇ, ಹಬ್ಬ ಹತ್ತಿರ ಬಂತೆಂದರೆ ಹೊಸಕೋಟೆ ಪೇಟೆಗೆ ಹೋಗಿ ಮಗಳ ಲಂಗಕ್ಕೆ ಬಟ್ಟೆ ತರುತ್ತೀರಿ. ಯಾವ ಥರ ಹೊಲಿಸೋಣ ಎಂಬ ಯೋಚನೆ ಬರುವುದು ತಂದ ಮೇಲೆ. ಎಡವುವುದು ಅಲ್ಲೇ. ಮೊದಲು ಆಕಾರ ತೀರ್ಮಾನವಾಗಲಿ, ಆಮೇಲೆ ಬಟ್ಟೆ.

ಜರಿ ಅಂಚಿನ ರೇಷ್ಮೆಗೆ ನೆರಿಗೆ ಲಂಗವೇ ಸರಿ. ನೇರ ತುಂಡಾದ್ದರಿಂದ ಅಂಚು ಕೆಡುವುದಿಲ್ಲ. ಸುತ್ತಳತೆ ಸೊಂಟದ ಎರಡೂವರೆಯಿಂದ ಮೂರು ಪಟ್ಟು ಇರಲಿ: 24 ಇಂಚಿನ ಸೊಂಟಕ್ಕೆ 60ರಿಂದ 72 ಇಂಚು. ಅದೇ ಬಟ್ಟೆಯಲ್ಲಿ ಅಂಬ್ರೆಲಾ ಬೇಡ. ದುಂಡಗೆ ಕತ್ತರಿಸಿದರೆ ನೇರ ಅಂಚು ಹಾಳು.

ಅಂಬ್ರೆಲಾಗೆ ಅಂಚಿಲ್ಲದ, ಇಳಿಬೀಳುವ ತೆಳು ಬಟ್ಟೆ ಆರಿಸಿ. ಕೆಳಗಿನ ಮಡಿಕೆ ಹೊಲಿಯುವ ಮೊದಲು ಒಂದು ರಾತ್ರಿ ತೂಗುಹಾಕಿಸಿ. ಓರೆ ಎಳೆ ಜಗ್ಗಿ ಏರುಪೇರಾದದ್ದನ್ನು ಆಗಲೇ ಸಮ ಮಾಡಬಹುದು.

ಮಂದ ಬಟ್ಟೆಗೆ ಕಲಿ ಲಂಗ ಒಪ್ಪುತ್ತದೆ. ಅದರ ಒಂದೊಂದು ಪಟ್ಟಿ, ಅಂದರೆ ಕಲಿ, ಮೇಲೆ ಕಿರಿದು, ಕೆಳಗೆ ಅಗಲ; ಹಾಗಾಗಿ ಸೊಂಟದಲ್ಲಿ ಗಂಟು ಕಟ್ಟಿದಂತಾಗದು. ಆದರೆ ಹೂವಿನ ಚಿತ್ತಾರ ಒಂದೇ ದಿಕ್ಕಿಗಿದ್ದರೆ ಕಲಿಗಳನ್ನು ತಿರುವಿಟ್ಟು ಕತ್ತರಿಸಲಾಗದು. ಬಟ್ಟೆ ಸ್ವಲ್ಪ ಹೆಚ್ಚೇ ತನ್ನಿ.

ಹತ್ತಿ ಬಟ್ಟೆಯನ್ನು ನೆನೆಸಿ ಒಣಗಿಸಿಯೇ ಹೊಲಿಯಲು ಕೊಡಿ, ಇಲ್ಲವಾದರೆ ಒಗೆದ ಮೇಲೆ ಕುಗ್ಗೀತು. ಬೆಳೆಯುವ ಹುಡುಗಿಗೆ ಒಳಮಡಿಕೆ ಎರಡು ಇಡಿಸಿ; ಬರುವ ವರ್ಷ ಬಿಚ್ಚಿದರೆ ಉದ್ದ ಸಿಗುತ್ತದೆ. ಹೊಲಿದ ಮೇಲೆ ದರ್ಜಿಯನ್ನು ಬೈಯುವ ಬದಲು, ಕೊಳ್ಳುವ ಮುನ್ನವೇ ಒಂದು ಮಾತು ಕೇಳಿನೋಡಿ.